ಗೋಡೆಗೆ ಹೇಳಿದ ಐನೂರು ಮಾತು

ಮಾತು ಬಿಟ್ಟವರು ಮಾತಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾತು ಬಿಟ್ಟವರಷ್ಟು ಮಾತಾಡುವವರು ಲೋಕದಲ್ಲೇ ಇಲ್ಲ. ಗೋಡೆಗೆ ಹೇಳುತ್ತಾರೆ, ಗಡಿಯಾರಕ್ಕೆ ಹೇಳುತ್ತಾರೆ, ಕಿಟಕಿಯಲ್ಲಿ ಕೂತ ಬೆಕ್ಕಿಗೆ ಹೇಳುತ್ತಾರೆ. ಹೇಳಬೇಕಾದವರಿಗೆ ಮಾತ್ರ ಹೇಳುವುದಿಲ್ಲ. ಆ ಹೇಳಬೇಕಾದವರೋ, ಮೂರಡಿ ಆಚೆ ಕೂತು ಅಷ್ಟನ್ನೂ ಕೇಳಿಸಿಕೊಂಡು, ತಮ್ಮ ಉತ್ತರವನ್ನು ಅದೇ ಬೆಕ್ಕಿಗೆ ಒಪ್ಪಿಸುತ್ತಾರೆ. ಬೆಕ್ಕಿನ ಪಾಡು ಕೇಳುವವರಿಲ್ಲ.

ಗಿಳಿಯ ಸೋದರಮಾವಂದಿರಿಬ್ಬರು ಹೀಗೆ ಆರು ವರ್ಷ ಕಳೆದಿದ್ದರು. ದೊಡ್ಡರಸ್ತೆಯಿಂದ ಒಳಕ್ಕೆ ತಿರುಗಿದರೆ ಮೂರನೆಯ ಬಾಗಿಲು ಅವರ ಬೈಂಡಿಂಗ್ ಅಂಗಡಿ. ಅದರ ಮೇಲೆಯೇ ಮನೆ. ಅಂಗಡಿಯಲ್ಲಿ ಇರುವುದು ಒಂದೇ ಮೇಜು. ಈ ಬದಿಯಲ್ಲಿ ಚಿಕ್ಕಮಾವ ಹಾಳೆ ಜೋಡಿಸಿ, ದಬ್ಬಣದಲ್ಲಿ ತೂತು ಹಾಕಿ, ದಾರ ಹಾಕಿ ಹೊಲಿಯುತ್ತಿದ್ದರು. ಆ ಬದಿಯಲ್ಲಿ ದೊಡ್ಡಮಾವ ರಟ್ಟು ಕತ್ತರಿಸಿ, ಅಂಟು ಬಳಿದು, ಮೇಲೆ ರೆಕ್ಸಿನ್ ಎಳೆದು ಕೂರಿಸುತ್ತಿದ್ದರು. ಪುಸ್ತಕವೊಂದು ಪುಸ್ತಕ ಅನ್ನಿಸಿಕೊಳ್ಳುವ ಹೊತ್ತಿಗೆ ಏಳೆಂಟು ಸಲವಾದರೂ ಈ ಕೈಯಿಂದ ಆ ಕೈಗೆ ಹೋಗಿಬರಬೇಕು. ಹಾಗಾಗಿ ಮುನಿಸಿಕೊಂಡವರಿಗೆ ಎದ್ದು ಬೇರೆ ಕಡೆ ಕೂರುವ ಸೌಕರ್ಯವೂ ಇರಲಿಲ್ಲ.

ಜಗಳದ ಮೂಲ ಕೇಳಿದರೆ ನಗು ಬರುತ್ತದೆ. ನಿವೃತ್ತ ನ್ಯಾಯಾಧೀಶರೊಬ್ಬರು ತಮ್ಮ ಜೀವನಚರಿತ್ರೆಯನ್ನು ತಾವೇ ಬರೆದು, ಮುನ್ನೂರು ಪ್ರತಿ ಇವರ ಹತ್ತಿರ ಬೈಂಡ್ ಮಾಡಿಸಿದ್ದರು. ಬಿಡುಗಡೆಯ ದಿನ ವೇದಿಕೆಯ ಮೇಲೆ ಎತ್ತಿ ಹಿಡಿದ ಪ್ರತಿಯಲ್ಲಿ ರಟ್ಟು ನೆಟ್ಟಗಿತ್ತು, ಒಳಗಿನ ಹಾಳೆಗಳು ತಲೆಕೆಳಗಾಗಿದ್ದವು. ಓದಲೆಂದು ಪುಸ್ತಕ ತಿರುಗಿಸಿದರೆ ರಟ್ಟಿನ ಮೇಲಿನ ಅವರ ಫೋಟೋ ಶೀರ್ಷಾಸನ ಹಾಕಿತು. ಸಭೆ ನಕ್ಕಿತು. ಮರುದಿನ ಅವರು ಅಂಗಡಿಗೆ ಬಂದು ಇದು ಯಾರ ಕೆಲಸ ಎಂದು ಗುಡುಗಿದಾಗ, ಹೊಲಿದವರು ಅಂಟಿಸಿದವರನ್ನು ತೋರಿಸಿದರು, ಅಂಟಿಸಿದವರು ಹೊಲಿದವರನ್ನು ತೋರಿಸಿದರು. ಬೇರೆಯವರ ಮುಂದೆ ಒಡಹುಟ್ಟಿದವನೇ ಬೆರಳು ಮಾಡಿದನಲ್ಲ ಎಂಬ ನೋವು ಇಬ್ಬರಿಗೂ. ಅಂದಿನಿಂದ ನೇರ ಮಾತು ನಿಂತುಹೋಯಿತು.

ಗಿಳಿ ಅವರ ತಂಗಿಯ ಮಗಳು. ಅಣ್ಣಂದಿರಿಬ್ಬರಿಗೂ ಅಡುಗೆ ಮಾಡಿ ಬಡಿಸುವುದು ಗಿಳಿಯ ಅಮ್ಮನೇ. ನಾಲ್ವರೂ ಇರುವುದು ಒಂದೇ ಮನೆಯಲ್ಲಿ. ಗಿಳಿ ಅನ್ನುವುದು, ಚಿಕ್ಕಂದಿನಲ್ಲಿ ಯಾರು ಏನಂದರೂ ಹಾಗೇ ತಿರುಗಿ ಅನ್ನುತ್ತಿದ್ದಳು ಅಂತ ಮಾವಂದಿರು ಇಟ್ಟ ಹೆಸರು. ಈಗ ಇಪ್ಪತ್ತೊಂಬತ್ತು ದಾಟಿದರೂ ಮಾಡುತ್ತಿದ್ದದ್ದು ಅದೇ ಕೆಲಸ, ಹೆಸರು ಮಾತ್ರ ಸಂಶೋಧನೆ. ವಾಕ್ಯದ ಕಟ್ಟಿಗೂ ಅದರ ಅರ್ಥಕ್ಕೂ ಏನು ನಂಟು ಎನ್ನುವುದು ಅವಳು ಹಿಡಿದ ವಿಷಯ. ವಿಷಯ ಬೆಟ್ಟದಷ್ಟಿತ್ತು, ಕೈಯಲ್ಲಿ ಮಾತ್ರ ಸಾಸಿವೆಯಷ್ಟೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಮೂರು ಯೋಜನೆ ಬರೆದುಕೊಟ್ಟಳು. ಗೈಡ್ ಮೇಡಂ ಮೂರನ್ನೂ ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು. ಎರಡು ಸಲ ಗಡುವು ವಿಸ್ತರಿಸಿಕೊಂಡಾಗಿತ್ತು. ಇನ್ನು ವಿಸ್ತರಣೆ ಇಲ್ಲ, ಈ ವರ್ಷ ಆಗದಿದ್ದರೆ ನೋಂದಣಿಯೇ ಹೋಯಿತು ಎಂದು ಕಚೇರಿಯಿಂದ ಕಾಗದವೂ ಬಂತು.

ಆ ಕಾಗದ ಬಂದ ದಿನ ಅವಳು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದಳು. ಚಿಕ್ಕಮಾವ ಬೆಕ್ಕಿನ ಕಡೆ ತಿರುಗಿ, "ಹೊಲಿದಿಟ್ಟಿದ್ದು ಬೆಳಗ್ಗಿಂದ ಬಿದ್ದಿದೆ. ಅಂಟು ಹಚ್ಚೋರಿಗೆ ಕಣ್ಣಿದ್ರೆ ಕಂಡೀತು" ಅಂದರು.

ದೊಡ್ಡಮಾವ ಗಡಿಯಾರದ ಕಡೆ ನೋಡಿದರು. "ಇರೋದು ಎರಡೇ ಕೈ. ಗೊತ್ತಿರೋರಿಗೆ ಗೊತ್ತು."

"ಗೊತ್ತಿರೋರು ಬೇಕಾದಷ್ಟು ಜನ ಇದ್ದಾರೆ ಪಾಪ."

"ಬಾಯಿ ಇರೋರೂ ಇದ್ದಾರೆ."

ಆರು ವರ್ಷದಿಂದ ಕೇಳಿ ಕೇಳಿ ಕಿವಿಗೆ ಹಳತಾಗಿದ್ದ ಮಾತು. ಆ ದಿನ ಮಾತ್ರ ಗಿಳಿಗೆ ಥಟ್ಟನೆ ಹೊಳೆಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಈ ನಾಲ್ಕು ವಾಕ್ಯದಲ್ಲಿ ಒಂದು 'ನೀನು' ಇಲ್ಲ, ಒಂದು 'ನಾನು' ಇಲ್ಲ. ಆದರೂ ಪ್ರತಿಯೊಂದೂ ಹೋಗಿ ನಾಟಬೇಕಾದವರಿಗೇ ನಾಟುತ್ತಿದೆ. ಬೆಣ್ಣೆ ಕೈಯಲ್ಲೇ ಇಟ್ಟುಕೊಂಡು ನಾಲ್ಕು ವರ್ಷ ತುಪ್ಪಕ್ಕೆ ಊರೆಲ್ಲ ಅಲೆದಿದ್ದಳು.

ಗಿಳಿ ಹೋಗಿ ಇದನ್ನು ಹೇಳಿದಾಗ ಮೇಡಂ ಕನ್ನಡಕ ತೆಗೆದಿಟ್ಟರು. ಅವರು ಕನ್ನಡಕ ತೆಗೆದಿಡುವುದು ವರ್ಷಕ್ಕೊಮ್ಮೆ. "ನೋಡಮ್ಮಾ, 'ನೀನು ಅಂಟು ಹಚ್ಚು' ಅನ್ನೋದು, 'ಅಂಟು ಹಚ್ಚೋರಿಗೆ ಕಣ್ಣಿದ್ರೆ ಕಂಡೀತು' ಅನ್ನೋದು, ಎರಡೂ ಕೇಳ್ತಾ ಇರೋದು ಒಂದೇ ಕೆಲಸ. ಕಟ್ಟು ಬೇರೆ ಆದ ತಕ್ಷಣ ಅರ್ಥಕ್ಕೆ ಏನೇನು ಬಂದು ಸೇರ್ಕೊಳ್ತು ಅಂತ ಹಿಡಿದು ತೋರಿಸು. ಇದೇ ನಿನ್ನ ಥೀಸಿಸ್. ನಂಗೆ ಐನೂರು ವಾಕ್ಯ ಬೇಕು. ಪ್ರತಿಯೊಂದಕ್ಕೂ ದಿನ, ಹೊತ್ತು, ಸಂದರ್ಭ ಬರೀಬೇಕು."

"ಆಗ್ಲಿ ಮೇಡಂ."

"ಕಿವಿಯಾರೆ ಕೇಳಿದ್ದು ಮಾತ್ರ. ಒಂದೇ ಒಂದು ನೀನಾಗಿ ಕಟ್ಟಿದ್ದು ಅಂತ ಗೊತ್ತಾದ್ರೆ, ನಾನೇ ಮುಂದೆ ನಿಂತು ನಿನ್ನ ನೋಂದಣಿ ರದ್ದು ಮಾಡಿಸ್ತೀನಿ. ಹೋದ ವರ್ಷ ಒಬ್ಬನಿಗೆ ಮಾಡಿಸಿದ್ದೀನಿ."

ಅಲ್ಲಿಂದ ಮುಂದೆ ಗಿಳಿ ಅಂಗಡಿ ಬಿಟ್ಟು ಕದಲಲಿಲ್ಲ. ಮಡಿಲಲ್ಲಿ ಯಾವುದೋ ಪುಸ್ತಕ, ಅದರೊಳಗೆ ನೋಟುಬುಕ್ಕು, ಕೈಯಲ್ಲಿ ಚೂಪಾದ ಪೆನ್ಸಿಲು. ದೊಡ್ಡಮಾವ 'ಮಾತುಗಾರ ಒಂದು', ಚಿಕ್ಕಮಾವ 'ಮಾತುಗಾರ ಎರಡು'. ಮಗು ಎಷ್ಟು ಓದುತ್ತದಪ್ಪಾ ಎಂದು ಮಾವಂದಿರಿಬ್ಬರೂ ಬೇರೆ ಬೇರೆಯಾಗಿ ಹೆಮ್ಮೆಪಟ್ಟುಕೊಂಡರು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುವುದು ಸುಳ್ಳಲ್ಲ. ದಿನಕ್ಕೆ ಐದು, ಆರು, ಅಮ್ಮ ಅಡುಗೆಗೆ ಉಪ್ಪು ಮರೆತ ದಿನ ಹದಿನಾಲ್ಕು. ಎರಡು ತಿಂಗಳಲ್ಲಿ ಮುನ್ನೂರ ನಲವತ್ತು ಆಯಿತು.

ಮುನ್ನೂರ ನಲವತ್ತೊಂದನೆಯದಕ್ಕೆ ಪೆನ್ಸಿಲು ಎತ್ತಿದ ದಿನ ಅನಾಹುತ ಕಾದಿತ್ತು. ಚಿಕ್ಕಮಾವನಿಗೆ ಹಾಳೆಯ ಧೂಳು ಮೂಗಿಗೆ ಹೋಗಿ ಕೆಮ್ಮು ಹತ್ತಿತು. ಕೆಮ್ಮಿದರು, ಕೆಮ್ಮಿದರು, ಕಣ್ಣಲ್ಲಿ ನೀರು ಬರುವವರೆಗೂ ಕೆಮ್ಮಿದರು. ದೊಡ್ಡಮಾವ ನೀರಿನ ಲೋಟವನ್ನು ಮೇಜಿನ ಆಚೆಗೆ ತಳ್ಳಿ, "ಕುಡಿ" ಎಂದರು.

ನೇರವಾಗಿ, ಮುಖ ನೋಡಿ. ಬೆಕ್ಕು ಕೂಡ ತಿರುಗಿ ನೋಡಿತು. ಚಿಕ್ಕಮಾವ ಕುಡಿದರು. ಆಮೇಲೆ ಇಬ್ಬರೂ ತಲೆ ತಗ್ಗಿಸಿ ಕೆಲಸಕ್ಕೆ ಕೂತರು. ಇಡೀ ಮಧ್ಯಾಹ್ನ ಒಂದು ಕುಟುಕು ಮಾತಿಲ್ಲ, ಗೋಡೆಗೊಂದು ದೂರಿಲ್ಲ. ಸಾಲದ್ದಕ್ಕೆ ಅಂಟಿನ ಬ್ರಷ್ಷನ್ನು ಚಿಕ್ಕಮಾವ ತಾವಾಗಿ ತೊಳೆದಿಟ್ಟರು.

ಅಮ್ಮನಿಗೆ ಸುದ್ದಿ ಮುಟ್ಟಿ ಕಣ್ಣು ತುಂಬಿ ಬಂತು. "ಇವತ್ತು 'ಕುಡಿ' ಅಂದಿದ್ದಾನೆ ದೊಡ್ಡಣ್ಣ. ನಾಳೆ 'ತಿನ್ನು' ಅಂತಾನೆ. ನಾಡಿದ್ದು ಇಬ್ಬರೂ ಒಟ್ಟಿಗೆ ನಗ್ತಾರೆ, ನೋಡ್ತಿರು. ಆರು ವರ್ಷ ಆಯ್ತು ಕಣೇ ಈ ಮನೇಲಿ ನಗು ಕೇಳಿ."

"ಹೂಂ" ಅಂದಳು ಗಿಳಿ. ಅವಳಿಗೆ ಊಟ ಸೇರಲಿಲ್ಲ. ಇನ್ನೂ ನೂರ ಅರವತ್ತು ವಾಕ್ಯ ಬಾಕಿ, ಮೇಡಂಗೆ ಪಟ್ಟಿ ಒಪ್ಪಿಸುವ ಗಡುವಿಗೆ ಆರು ವಾರ. ಆರು ವರ್ಷ ಕಾದ ಈ ಮಾವಂದಿರಿಗೆ ಇನ್ನು ಆರೇ ವಾರ ಕಾಯಲು ಏನು ಧಾಡಿ?

ಹೇಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ನಡೆದುಹೋಯಿತು. ಮರುದಿನ ಬೆಳಗ್ಗೆ ಚಿಕ್ಕಮಾವನ ದಬ್ಬಣ ಕಾಣೆಯಾಯಿತು. ಹುಡುಕಿ ಹುಡುಕಿ ಸಾಕಾದಾಗ ಅದು ದೊಡ್ಡಮಾವನ ರೆಕ್ಸಿನ್ ಸುರುಳಿಯ ಒಳಗೆ ಸಿಕ್ಕಿತು. ಚಿಕ್ಕಮಾವ ಬೆಕ್ಕನ್ನು ಕರೆದು ಕೂರಿಸಿಕೊಂಡರು. "ನೀರು ಕೊಟ್ಟೋರೇ ದಬ್ಬಣ ಕದೀತಾರೆ ಅಂತ ಯಾರಿಗೆ ಗೊತ್ತಿತ್ತು!"

ಗಿಳಿಯ ಪೆನ್ಸಿಲು ಓಡಿತು. ಎರಡು ದಿನ ಬಿಟ್ಟು ದೊಡ್ಡಮಾವನ ಕನ್ನಡಕ ಚಿಕ್ಕಮಾವನ ದಾರದ ಡಬ್ಬಿಯಲ್ಲಿ ಪ್ರತ್ಯಕ್ಷವಾಯಿತು. "ಕಣ್ಣು ಕಿತ್ಕೊಂಡ್ರೂ ಕೈ ಕೆಲಸ ಮಾಡತ್ತೆ ಅಂತ ತಿಳ್ಕೊಳ್ಳೋರು ತಿಳ್ಕೊಳ್ಳಿ." ಆಹಾ, ಎಂಥ ವಾಕ್ಯ! ಗಿಳಿ ಅದರ ಕೆಳಗೆ ಎರಡು ಗೆರೆ ಎಳೆದಳು. ಉರಿಯುವ ಬೆಂಕಿಗೆ ತುಪ್ಪ ಸುರಿಯುವ ಕೆಲಸ ಒಂದು ಸಲ ಶುರುವಾದರೆ ಕೈ ತಡೆಯುವುದಿಲ್ಲ. ವಾರದೊಳಗೆ ಅಂಗಡಿಯಲ್ಲಿ ಮಾತಿನ ಸುಗ್ಗಿ. ಮೇಲೆ ಅಡುಗೆಮನೆಯಲ್ಲಿ ಅಮ್ಮ ಮಾತ್ರ ಒಲೆಯ ಮುಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಅದು ಕಂಡಾಗಲೆಲ್ಲ ಗಿಳಿ, ಥೀಸಿಸ್ ಮುಗಿಯಲಿ, ಇಬ್ಬರನ್ನೂ ನಾನೇ ಕೂರಿಸಿ ರಾಜಿ ಮಾಡಿಸುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಕೆಳಗಿಳಿಯುತ್ತಿದ್ದಳು.

ಕೊನೆಯ ದಿನ ಒಂದು ಬುಧವಾರ. ನೋಟುಬುಕ್ಕಿನಲ್ಲಿ ನಾನೂರ ತೊಂಬತ್ತೊಂಬತ್ತು ವಾಕ್ಯ. ಸಂಜೆಯೊಳಗೆ ಮೇಡಂಗೆ ಪಟ್ಟಿ ಒಪ್ಪಿಸಬೇಕು. ಆ ದಿನವೇ ನೋಡಿ, ಚಿಕ್ಕಮಾವ ಅಂಟಿನ ಪುಡಿ ತರಲು ಹೋದವರು ಬರಲೇ ಇಲ್ಲ. ದೊಡ್ಡಮಾವ ರಟ್ಟಿನ ರಾಶಿಗೆ ಒರಗಿ ಬಾಯಿ ತೆರೆದು ನಿದ್ದೆ ಹೋದರು. ಗಿಳಿ ಕೆಮ್ಮಿದಳು, ಕತ್ತರಿ ಬೀಳಿಸಿದಳು, ಸ್ಟೂಲು ಎಳೆದಾಡಿದಳು. ಗೊರಕೆ ಜೋರಾಯಿತು, ಅಷ್ಟೇ.

ನಾಲ್ಕು ಗಂಟೆಗೆ ಅವಳು ಪೆನ್ಸಿಲು ಹಿಡಿದು ಆ ಐನೂರನೆಯದನ್ನು ತಾನೇ ಬರೆದುಬಿಟ್ಟಳು. ಹೆಚ್ಚು ಯೋಚಿಸಲಿಲ್ಲ. ಎದುರಿಗೆ ಮಲಗಿದ್ದ ಆ ಬಿಳಿಗಡ್ಡದ ಮುಖ ನೋಡುತ್ತಾ ಕೈ ತಾನಾಗಿ ಬರೆಯಿತು: "ಎದುರಿಗೆ ಕೂತೋರು ಒಂದು ಸಲ ಕರೆದಿದ್ರೆ, ಓಗೊಡೋರು ಓಗೊಡ್ತಿದ್ರು." ಮಾತುಗಾರ ಒಂದು. ಬುಧವಾರ ಮಧ್ಯಾಹ್ನ. ಸಂದರ್ಭ: ಮಾತುಗಾರ ಎರಡು ಅಂಟು ತರಲು ಹೋಗಿದ್ದಾಗ. ಬರೆದ ಮೇಲೆ ಅವಳಿಗೆ ಅಳು ಬಂದಂತಾಯಿತು. ಆರು ವರ್ಷದಿಂದ ಈ ಅಂಗಡಿಯಲ್ಲಿ ಅವಳು ಕೇಳಬೇಕೆಂದಿದ್ದ ಮಾತು ಅದೊಂದೇ. ಮೂಗೊರೆಸಿಕೊಂಡು ಪಟ್ಟಿ ಒಪ್ಪಿಸಲು ಓಡಿದಳು.

ಐನೂರರಲ್ಲಿ ಒಂದು, ಯಾರು ನೋಡುತ್ತಾರೆ ಎಂದುಕೊಂಡಿದ್ದಳು. ಮೇಡಂ ನೋಡಿದರು. ಉಳಿದ ನಾನೂರ ತೊಂಬತ್ತೊಂಬತ್ತನ್ನೂ ದಾಟಿ ಅಲ್ಲೇ ಬೆರಳಿಟ್ಟು, ಮತ್ತೆ ಕನ್ನಡಕ ತೆಗೆದಿಟ್ಟರು. "ಎಂಥಾ ವಾಕ್ಯ ಇದು! ಇಬ್ಬರು ಇದ್ದಾರೆ ಇದರಲ್ಲಿ, ಇಬ್ಬರ ಹೆಸರೂ ಇಲ್ಲ. ತಪ್ಪೂ ಒಪ್ಕೊಂಡಿದ್ದಾನೆ, ಒಪ್ಕೊಂಡೂ ಇಲ್ಲ. ಇದನ್ನ ನೀನಾಗಿ ಕಟ್ಟೋಕೆ ಸಾಧ್ಯವೇ ಇಲ್ಲ, ಬದುಕಿ ಬಂದ ಮಾತು ಇದು. ಕೊನೇ ಅಧ್ಯಾಯ ಪೂರ್ತಿ ಇದೊಂದರ ಮೇಲೇ ಬರಿ."

ಗಂಟಲಿಗೆ ಬಂದ ಸತ್ಯವನ್ನು ಗಿಳಿ ನುಂಗಿಕೊಂಡಳು. ನುಂಗಿಕೊಂಡು, ಮುಂದಿನ ವಾರಗಳಲ್ಲಿ ಆ ಒಂದು ವಾಕ್ಯದ ಮೇಲೆಯೇ ಇಪ್ಪತ್ತೆರಡು ಪುಟ ಬರೆದಳು. ಉಳಿದ ವಿಷಯಗಳಲ್ಲಿ ಅವಳು ಹರಿಶ್ಚಂದ್ರನ ಮೊಮ್ಮಗಳೇ. ಸಂದರ್ಭದಲ್ಲಿ ಎಲ್ಲವನ್ನೂ ದಾಖಲಿಸು ಎಂದು ಮೇಡಂ ಹೇಳಿದ್ದರಿಂದ ದಬ್ಬಣ, ಕನ್ನಡಕಗಳ ಪ್ರಕರಣವನ್ನೂ ಬರೆದಳು. ಹೇಗೆ ಬರೆದಳು ಅಂತೀರಿ? 'ವಸ್ತುಸ್ಥಾನಪಲ್ಲಟದ ಮೂಲಕ ಸಂಶೋಧಕಿಯು ಪ್ರಚೋದಿಸಿದ ಸನ್ನಿವೇಶ.' ಓದಿದ ಅವಳಿಗೇ ಅರ್ಥವಾಗಲಿಲ್ಲ. ಇನ್ನು ಮಾವಂದಿರಿಗೆ ಆಗುವುದುಂಟೆ?

ಮಾವಂದಿರು ಓದುವ ಪ್ರಶ್ನೆ ಏಕೆ ಬಂತೆಂದರೆ, ಥೀಸಿಸ್ ಬೈಂಡ್ ಆಗಬೇಕಿತ್ತು. ನಾಲ್ಕು ಪ್ರತಿ, ಕಪ್ಪು ರಟ್ಟು, ಬೆನ್ನಿನ ಮೇಲೆ ಚಿನ್ನದ ಅಕ್ಷರ. ಆಚೆ ಬೀದಿಯ ಅಂಗಡಿಯಲ್ಲಿ ಮಾಡಿಸಿಕೊಂಡು ಬರುತ್ತೇನೆ ಎಂದು ಗಿಳಿ ಮೆಲ್ಲಗೆ ಬಾಯಿಬಿಟ್ಟದ್ದೇ ತಡ, ಅಮ್ಮ ಸಟ್ಟುಗ ಕೆಳಗಿಟ್ಟಳು.

"ಏನಂದೆ? ನಿನ್ನ ಥೀಸಿಸ್ಸಿಗೆ ಅಂತ ದೊಡ್ಡಣ್ಣ ಮೂರು ವರ್ಷದಿಂದ ಒಳ್ಳೇ ರೆಕ್ಸಿನ್ ಎತ್ತಿಟ್ಟಿದ್ದಾನೆ. ಚಿಕ್ಕಣ್ಣ ರೇಷ್ಮೆ ದಾರ ತಂದಿಟ್ಟಿದ್ದಾನೆ. ಬೇರೆ ಅಂಗಡಿ ಮೆಟ್ಟಿಲು ಹತ್ತಿ ನೋಡು, ಇಬ್ಬರೂ ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ. ನಾನೂ ನೋಡಲ್ಲ."

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡಾಯಿತು. ಥೀಸಿಸ್ ಒಪ್ಪಿಸುವ ಹಿಂದಿನ ದಿನ, ಗುರುವಾರ ಬೆಳಗ್ಗೆ, ಹಾಳೆಯ ಕಟ್ಟುಗಳನ್ನು ಮೇಜಿನ ಮೇಲಿಟ್ಟು, ಬೈಂಡ್ ಮಾಡುವವರು ಓದುತ್ತಾರೆಯೇ, ಪುಟದ ಸಂಖ್ಯೆ ನೋಡುತ್ತಾರೆ ಅಷ್ಟೇ ಎಂದು ಧೈರ್ಯ ಹೇಳಿಕೊಂಡಳು. ಇಷ್ಟು ದಿನ ಆ ಮೂಲೆಯಲ್ಲಿ ಕೂತು ಬಾಯಿಗಳನ್ನೇ ನೋಡಿದ ಹುಡುಗಿ ಕೈಗಳನ್ನು ನೋಡಿರಲಿಲ್ಲ. ನ್ಯಾಯಾಧೀಶರ ಪುಸ್ತಕದ ಮಾನ ಹೋದ ಮೇಲೆ ಚಿಕ್ಕಮಾವ ಸಂಖ್ಯೆಯನ್ನು ನಂಬುತ್ತಿರಲಿಲ್ಲ. ಪ್ರತಿ ಪುಟದ ಕೊನೆಯ ಸಾಲು ಓದಿ, ಮುಂದಿನ ಪುಟದ ಮೊದಲ ಸಾಲು ಅದಕ್ಕೆ ಕೂಡಿಕೊಂಡರೆ ಮಾತ್ರ ಹೊಲಿಗೆ. ದೊಡ್ಡಮಾವ ಅದನ್ನೂ ನಂಬದೆ, ರಟ್ಟು ಹಾಕುವ ಮುಂಚೆ ತಾವೊಮ್ಮೆ ಓದುತ್ತಿದ್ದರು. ಥೀಸಿಸ್ ಭಾಷೆಯ ಮಾತೋ, ಮೂವತ್ತು ವರ್ಷದಿಂದ ಥೀಸಿಸ್‌ಗಳನ್ನೇ ಹೊಲಿದು ಅಂಟಿಸಿದವರು ಅವರು. ವಸ್ತುಸ್ಥಾನಪಲ್ಲಟ ಎಂದರೆ ಬಚ್ಚಿಡುವುದು ಎಂದು ತಿಳಿಯಲು ಅವರಿಗೆ ನಿಘಂಟು ಬೇಕಿರಲಿಲ್ಲ.

ಶುಕ್ರವಾರ ಸಂಜೆ ಐದಕ್ಕೆ ಕಚೇರಿ ಮುಚ್ಚುತ್ತದೆ, ಅಷ್ಟರೊಳಗೆ ಥೀಸಿಸ್ ಒಪ್ಪಿಸಬೇಕು. ಪ್ರಮಾಣಪತ್ರದ ಪುಟಕ್ಕೆ ಮೇಡಂ ಸಹಿ ಬೇಕಿತ್ತು. "ಅಂಗಡಿಗೇ ಬರ್ತೀನಿ, ಅಲ್ಲೇ ಹಾಕ್ತೀನಿ. ಮಾತುಗಾರ ಒಂದು, ಮಾತುಗಾರ ಎರಡು, ಇಬ್ಬರನ್ನೂ ಒಂದ್ಸಲ ಕಣ್ಣಾರೆ ನೋಡ್ಬೇಕು" ಎಂದು ಅವರೇ ಹೊರಟರು. ಬೇಡ ಎನ್ನಲು ಗಿಳಿಗೆ ಒಂದು ನೆಪವೂ ಸಿಗಲಿಲ್ಲ. ಮೂರೂವರೆಗೆ ಇಬ್ಬರೂ ಅಂಗಡಿಯ ಹೊಸ್ತಿಲು ದಾಟಿದರು.

ಮೂರು ಪ್ರತಿ ಸಿದ್ಧವಾಗಿ ಭಾರದ ಕಲ್ಲಿನ ಕೆಳಗೆ ಕೂತಿದ್ದವು. ನಾಲ್ಕನೆಯದು ಬಿಡಿ ಹಾಳೆಗಳಾಗಿ ಚಿಕ್ಕಮಾವನ ಮುಂದಿತ್ತು. ಅವರು ದಬ್ಬಣ ಎತ್ತಿ ಜೇಬಿಗೆ ಹಾಕಿಕೊಂಡರು. "ದಬ್ಬಣ ಬಚ್ಚಿಡೋರು ಬಂದ್ರು" ಎಂದರು ಬೆಕ್ಕಿಗೆ.

ದೊಡ್ಡಮಾವ ಕನ್ನಡಕವನ್ನು ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡರು. "ಪಲ್ಲಟ ಮಾಡೋರು ಅಲ್ಲೇ ದೂರದಲ್ಲಿ ನಿಂತ್ರೆ ಒಳ್ಳೇದು" ಎಂದರು ಗಡಿಯಾರಕ್ಕೆ.

ಗಿಳಿಯ ಮುಖ ಸುಣ್ಣವಾಯಿತು. ಮೇಡಂ ಮಾತ್ರ ಜಾತ್ರೆಗೆ ಬಂದ ಮಗುವಿನ ಹಾಗೆ ಒಬ್ಬರಾದ ಮೇಲೊಬ್ಬರನ್ನು ನೋಡುತ್ತಿದ್ದರು. "ಅಬ್ಬಾ, ಥೀಸಿಸ್‌ನಲ್ಲಿ ಇರೋ ಹಾಗೇ ಮಾತಾಡ್ತಾರಲ್ಲೇ!"

"ಚಿಕ್ಕಮಾವ, ಹೊತ್ತಾಯ್ತು. ಇದೊಂದು ಹೊಲಿದುಬಿಡಿ" ಎಂದಳು ಗಿಳಿ.

ಚಿಕ್ಕಮಾವ ಹೊಲಿಯಲಿಲ್ಲ. ಕೊನೆಯ ಅಧ್ಯಾಯದ ಮೊದಲ ಹಾಳೆ ಅವರ ಕೈಯಲ್ಲಿತ್ತು. ನೋಡಿ ನೋಡಿ ಅದರ ಅಂಚು ಮಾಸಿತ್ತು. "ಒಂದು ವಾಕ್ಯ ಯಾರು ಹೇಳಿದ್ದು ಅಂತ ತಿಳ್ಕೋಬೇಕು ಅನ್ನೋರಿದ್ದಾರೆ ಇಲ್ಲಿ. ತಿಳಿಯೋವರೆಗೂ ದಾರ ಮುಟ್ಟಲ್ಲ" ಎಂದು ಬೆಕ್ಕಿಗೆ ಹೇಳಿದರು. ಬೆಕ್ಕು ಎದ್ದು ಹೊರಗೆ ಹೋಯಿತು. ಅವರು ಗೋಡೆ ನೋಡಿದರು, ಬಾಗಿಲು ನೋಡಿದರು, ಹಾಳೆ ನೋಡಿದರು. ಕೊನೆಗೆ ತಲೆ ಎತ್ತಿ ಎದುರಿಗೆ ನೋಡಿದರು.

"ಅಣ್ಣಾ."

ದೊಡ್ಡಮಾವನ ಕೈಯಲ್ಲಿದ್ದ ಅಂಟಿನ ಬ್ರಷ್ಷು ನಿಂತಿತು. "ಏನೋ?"

"ಇದು ನೀನು ಹೇಳಿದ್ದಾ?"

ಹಾಳೆ ಮೇಜಿನ ಮೇಲೆ ಜಾರಿಕೊಂಡು ಆಚೆ ಹೋಯಿತು. 'ಬದುಕಿ ಬಂದ ಮಾತು' ಎಂದು ಮೇಡಂ ಮೆಚ್ಚಿದ್ದ ಆ ವಾಕ್ಯ ದಪ್ಪಕ್ಷರದಲ್ಲಿ ಕೂತಿತ್ತು. ದೊಡ್ಡಮಾವ ಓದಿದರು. ಗಿಳಿ ಸ್ಟೂಲು ಹಿಡಿದುಕೊಂಡಳು. ನಾನು ಹೇಳಿಲ್ಲ ಎಂದು ಮಾವ ಒಂದು ಮಾತು ಅಂದರೆ ಸಾಕು, ಪಕ್ಕದಲ್ಲೇ ಮೇಡಂ. ಐದು ವರ್ಷದ ಓದು, ಪದವಿ, ಎಲ್ಲ ಈ ಮೇಜಿನ ಮೇಲೇ ಮುಗಿಯಿತು. ಅವರು ಯಾಕೆ ಹೇಳಬಾರದು? ಹೇಳದ ಮಾತನ್ನು, ಅದೂ ಸೋತ ಮಾತನ್ನು, ಬಾಯಿಗೆ ತುರುಕಿದ್ದಾಳೆ. ದಬ್ಬಣ ಕದ್ದ ಕಳಂಕ ಬೇರೆ ಹೊರಿಸಿದ್ದಾಳೆ.

ದೊಡ್ಡಮಾವ ಕನ್ನಡಕದ ಮೇಲಿಂದ ಗಿಳಿಯನ್ನು ನೋಡಿದರು. ಒಂದೇ ನೋಟ. ಅವಳ ಒಳಗಿರುವುದೆಲ್ಲ ಅವರಿಗೆ ತಿಳಿದುಹೋಯಿತು ಎಂದು ಅವಳಿಗೆ ತಿಳಿಯಿತು. ಅವರು ಪೆನ್ನು ಹಿಡಿದು ನಿಂತಿದ್ದ ಮೇಡಂ ಅನ್ನು ನೋಡಿದರು. ಆಮೇಲೆ ತಮ್ಮನನ್ನು ನೋಡಿದರು.

"ಹೂಂ" ಎಂದರು. "ನಾನೇ ಹೇಳಿದ್ದು."

"ಯಾವಾಗ?"

"ಬರೆದಿದೆಯಲ್ಲ ಅಲ್ಲಿ. ಬುಧವಾರ. ನೀನು ಅಂಟು ತರೋಕೆ ಹೋಗಿದ್ದೆ."

"ನಾನಿಲ್ಲದಾಗ ಹೇಳಿದ್ರೆ ನಂಗೆ ಹೆಂಗೋ ಕೇಳಿಸತ್ತೆ?" ಚಿಕ್ಕಮಾವನ ದನಿ ಏರಿತು. "ಆರು ವರ್ಷ ಎದುರಿಗೇ ಕೂತಿದ್ದೀನಿ, ಆಗ ಹೇಳೋಕೆ ಬಾಯಿಗೆ ಅಂಟು ಹಾಕ್ಕೊಂಡಿದ್ಯಾ?"

"ಕೇಳಿಸಿಲ್ಲ ಅಂದ್ರೆ ಈಗ ಕೇಳಿಸ್ಕೋ." ದೊಡ್ಡಮಾವ ಹಾಳೆಯನ್ನು ಮಗುಚಿಟ್ಟರು. "ನೀನು ಒಂದ್ಸಲ ಕರೆದಿದ್ರೆ, ನಾನು ಓಗೊಡ್ತಿದ್ದೆ ಕಣೋ."

ಇಪ್ಪತ್ತೆರಡು ಪುಟ ಬರೆದು ಗಿಳಿ ಸಾಧಿಸಿದ್ದೇನೆಂದರೆ, ನೇರ ವಾಕ್ಯಕ್ಕೂ ಗೋಡೆಯ ವಾಕ್ಯಕ್ಕೂ ತಿರುಳು ಒಂದೇ, ಹೊದಿಕೆ ಮಾತ್ರ ಬೇರೆ ಎಂದು. ಅದು ಶುದ್ಧ ಸುಳ್ಳು. ಮಾವ ಆ ಹೊದಿಕೆ ತೆಗೆದದ್ದೇ ತಡ, ಅವಳಿಗೆ ತಡೆಯಲಾಗಲಿಲ್ಲ, ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು. ಈ ಮಾತು ಬರದ ಹಾಗೆ ಆರು ವಾರ ಅಡ್ಡ ನಿಂತವಳು ತಾನೇ.

ಚಿಕ್ಕಮಾವ ಮೂಗನ್ನು ತೋಳಿಗೆ ಒರೆಸಿಕೊಂಡು, ಜೇಬಿನಿಂದ ದಬ್ಬಣ ತೆಗೆದರು. "ನಾನು ಯಾಕೆ ಮೊದಲು ಕರೀಬೇಕಿತ್ತು? ದೊಡ್ಡೋನು ನೀನು."

"ಚಿಕ್ಕೋನು ನೀನು. ಚಿಕ್ಕೋರು ಕರೀಬೇಕು."

"ಅಂಥಾ ಕಾನೂನು ಎಲ್ಲಿದೆಯೋ?"

"ಬಾಯಿ ಮುಚ್ಚಿ ಹೊಲಿ. ಮಗೂಗೆ ಹೊತ್ತಾಯ್ತು."

ಹೊಲಿಯುತ್ತಲೇ ಜಗಳ, ಅಂಟು ಬಳಿಯುತ್ತಲೇ ಜಗಳ. ನೀನು, ನೀನು, ನೀನು! ಆರು ವರ್ಷ ಒಳಗೇ ಉಳಿದಿದ್ದ ಅಷ್ಟೂ 'ನೀನು' ಒಂದೇ ಸಲ ಹೊರಬಂದವು. ಮಾಳಿಗೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅಮ್ಮ ಮೆಟ್ಟಿಲಿಳಿದು ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಳು. ಮೇಡಂ ನಾಲ್ಕೂ ಪ್ರತಿಗೆ ಸಹಿ ಹಾಕಿ, ಗಡಿಯಾರ ನೋಡಿ ಗಾಬರಿಯಾಗಿ, ಇನ್ನೂ ಅಂಟು ಆರದ ಪುಸ್ತಕಗಳನ್ನು ಗಿಳಿಯ ತೋಳಿಗೆ ಹೇರಿದರು.

ಹೊಸ್ತಿಲಲ್ಲಿ ಗಿಳಿ ತಿರುಗಿ ನಿಂತಳು. "ಮಾವ..." ಎಂದಳು.

ದೊಡ್ಡಮಾವ ತಲೆ ಎತ್ತಲಿಲ್ಲ. ರಟ್ಟಿನ ಚೂರುಗಳನ್ನು ಒಟ್ಟು ಮಾಡುತ್ತಾ ಗಡಿಯಾರಕ್ಕೆ ಹೇಳಿದರು: "ಬರೆಯೋರು ಇನ್ನು ಮೇಲಾದ್ರೂ ಕೇಳಿಸ್ಕೊಂಡು ಬರೆದ್ರೆ ಒಳ್ಳೇದು."

ಮೇಡಂ ಕುಣಿದಾಡುವುದೊಂದು ಬಾಕಿ. ಚೀಲದಿಂದ ಪೆನ್ನು ಎಳೆದು ಅಂಗೈ ಮೇಲೇ ಬರೆದುಕೊಂಡರು. "ಐನೂರ ಒಂದು! ಎಷ್ಟು ಚೆನ್ನಾಗಿದೆ! ಇದು ಯಾರಿಗೆ ಹೇಳಿದ್ದೇ ಅವರು?"

ಗಿಳಿ ಪುಸ್ತಕಗಳ ಮೇಲೆ ಗಲ್ಲ ಊರಿಕೊಂಡಳು.

"ನಂಗೇ ಮೇಡಂ" ಎಂದಳು.